ಒಂದೇ ಶಾಸ್ತ್ರಕ್ಕೆ ಸಿಕ್ಕದ ಜ್ವರ

(ಜಡೆಯಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮೆಟ್ರಿಕ್ ಮುಗಿಸಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ನಾವು ವಿಶ್ವವಿದ್ಯಾನಿಲಯದ ಉನ್ನತ ವ್ಯಾಸಂಗವನ್ನು ಕುರಿತು ಮಾತಾಡಲು ನಿಂತರೆ ಕೆಲವರಿಗೆ ನಗು ಬಂದೀತು. ಬರಲಿ. ಆ ವ್ಯಾಸಂಗದ ಖರ್ಚು ನಾವು ನೀವು ಕೊಳ್ಳುವ ಬೆಂಕಿಪೆಟ್ಟಿಗೆಯ ಮೇಲಿನ ತೆರಿಗೆಯಿಂದಲೂ ನಡೆಯುತ್ತದೆ. ದುಡ್ಡು ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಮೇಲಾಗಿ, ಆ ವ್ಯಾಸಂಗ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ ನಮ್ಮ ಸೊರಬ ತಾಲೂಕಿನ ಕಾಡಿನಲ್ಲೇ ಬಿದ್ದಿದೆ.

ನಾವು ಮೇಷ್ಟ್ರಾಗಿದ್ದಾಗಿನ ಒಂದು ಸಂಗತಿ ಹೇಳುತ್ತೇವೆ. ಒಂದು ಬೇಸಿಗೆಯ ಮೊದಲಲ್ಲಿ ಚುರುಕಾದ ಹುಡುಗನೊಬ್ಬ ಶಾಲೆಗೆ ಬರುವುದನ್ನು ನಿಲ್ಲಿಸಿದ. ಮನೆಗೆ ಹೋಗಿ ನೋಡಿದರೆ ಅವನ ತಂದೆ ಜ್ವರದಿಂದ ಮಲಗಿದ್ದ. ತೋಟದವರಿಗೆ ದರಗು ಗುಡಿಸಿ ಹೊರುವ ಕೂಲಿ ಅವನದು. ತಲೆ ಸಿಡಿಯುವ ನೋವು, ಕಣ್ಣು ಕೆಂಡ, ಎದ್ದು ಕೂರಲು ತ್ರಾಣವಿಲ್ಲ. ಮಂಗನ ಕಾಯಿಲೆ. ಮನುಷ್ಯ ಉಳಿದ, ಆದರೆ ಎರಡು ತಿಂಗಳ ಕೂಲಿ ಹೋಯಿತು, ಸಾಲ ಏರಿತು. ಆ ಹುಡುಗ ಪುಸ್ತಕ ಬಿಟ್ಟು ಗಿರಣಿಯಲ್ಲಿ ಮೂಟೆ ಹೊರಲು ಹೋದ. ಅದೇ ವರ್ಷ ದೊಡ್ಡ ಊರಿನಿಂದ ಸಂಶೋಧನೆಯವರೊಬ್ಬರು ಬಂದು ಆ ಮನೆಯಲ್ಲಿ ಇಂಗ್ಲಿಷಿನ ಹಾಳೆಯೊಂದನ್ನು ತುಂಬಿಸಿಕೊಂಡರು. ಜ್ವರ ಎಷ್ಟು ದಿನ, ರಕ್ತ ಬಂತೇ, ಎಂದು ಕೇಳಿದರು. ಕಾಡಿಗೆ ಯಾಕೆ ಹೋದೆ, ಹೋಗದಿದ್ದರೆ ಉಣ್ಣುವುದೇನು, ಎಂದು ಕೇಳಲಿಲ್ಲ. ಅವರು ಕೆಟ್ಟವರಲ್ಲ. ಅವರ ಶಾಸ್ತ್ರದಲ್ಲಿ ಆ ಪ್ರಶ್ನೆ ಇರಲಿಲ್ಲ, ಅಷ್ಟೇ.

ಈ ಕಾಯಿಲೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ೧೯೫೭ರ ಮೊದಲ ತಿಂಗಳುಗಳಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪು ಮಂಗಗಳೂ ಸತ್ತು ಬಿದ್ದವು. ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನರೂ ಸತ್ತರು. ಮಂಗ ಸಾಯುತ್ತಿವೆ ಎಂದಕೂಡಲೇ ಇದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾದ ಹಳದಿ ಜ್ವರವಿರಬಹುದೇ ಎಂದು ತಿಳಿದವರು ಬೆಚ್ಚಿದರು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದು, ಸತ್ತ ಮಂಗದ ದೇಹದಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಲ್ಲ. ರಷ್ಯಾ ದೇಶದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಜ್ವರದ ಹತ್ತಿರದ ನಂಟು. ಅಲ್ಲಿಂದ ಮುಂದೆ ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಕ್ಯಾಸನೂರಿನ ಹೆಸರು ಸೇರಿತು. ನಮ್ಮ ತಾಲೂಕಿನ ಹೆಸರು ಲೋಕಕ್ಕೆ ತಿಳಿದದ್ದು ನಮ್ಮ ಭತ್ತದಿಂದಲ್ಲ, ನಮ್ಮ ಅಡಿಕೆಯಿಂದಲ್ಲ, ನಮ್ಮ ಜ್ವರದಿಂದ!

ಈಗ ಗಮನಿಸಿರಿ. ವೈರಸ್ ಸಿಕ್ಕಿತು ಎಂದಮೇಲೆ ಕೆಲಸ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಜ್ವರವನ್ನು ಗುರುತಿಸಿದವನು ವೈದ್ಯ. ಜ್ವರ ಹರಡುವುದು ಉಣುಗಿನಿಂದ, ಅದನ್ನು ಬಲ್ಲವನು ಕೀಟಗಳ ಪಂಡಿತ. ಉಣುಗು ಮಂಗನ ಮೈಮೇಲೂ ಇಲಿ ಹೆಗ್ಗಣಗಳ ಮೈಮೇಲೂ ಇರುತ್ತದೆ, ಅವನ್ನು ಬಲ್ಲವನು ಪ್ರಾಣಿಶಾಸ್ತ್ರಜ್ಞ. ರಷ್ಯಾದ ಜ್ವರಕ್ಕೆ ನಂಟಾದ್ದರಿಂದ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಇದನ್ನು ತಂದವೋ ಏನೋ ಎಂಬ ಸಂಶಯ ಹುಟ್ಟಿತು. ಸಾಲಿಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗ ಚರಿತ್ರ ಸಂಘದವರು ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಪರೀಕ್ಷಿಸಿದರು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಹೀಗೆ ಒಂದು ಜ್ವರದ ಬೆನ್ನು ಹತ್ತಿ ನಾಲ್ಕು ಶಾಸ್ತ್ರಗಳು ನಮ್ಮ ಕಾಡಿಗೆ ಬಂದವು.

ಅವರಲ್ಲಿ ಬೊಶೆಲ್ ಎಂಬೊಬ್ಬ ವೈದ್ಯ, ದಕ್ಷಿಣ ಅಮೆರಿಕಾದ ಕೊಲಂಬಿಯಾ ದೇಶದವನು. ತನ್ನ ದೇಶದಲ್ಲಿ ಹಳದಿ ಜ್ವರವನ್ನು ಹುಡುಕುತ್ತಿದ್ದಾಗ ಅವನು ಮರ ಕಡಿಯುವ ಕೂಲಿಗಳ ಜೊತೆ ನಿಂತಿದ್ದ. ಮರ ಉರುಳಿದಾಗ ತುದಿಕೊಂಬೆಯಲ್ಲಿದ್ದ ನೀಲಿ ಸೊಳ್ಳೆಗಳು ಕೆಳಗಿಳಿದು ಆ ಕೂಲಿಗಳನ್ನು ಮುತ್ತಿದ್ದನ್ನು ಕಂಡ. ಮಂಗಗಳ ಜ್ವರ ಮನುಷ್ಯನಿಗೆ ಬರುವ ದಾರಿ ಅವನಿಗೆ ಅಲ್ಲಿ ಹೊಳೆಯಿತು. ಅದೇ ಕಣ್ಣಿನಿಂದ ಅವನು ನಮ್ಮ ಸೀಮೆಯನ್ನೂ ನೋಡಿದ. ೧೯೬೯ರಲ್ಲಿ ಅವನು ಬರೆದದ್ದರ ಸಾರ ಇದು: ಕಾಡು ಕಡಿದು ಗದ್ದೆ ಮಾಡಿದಾಗ ಊರು ಕಾಡಿನೊಳಕ್ಕೆ ಸರಿಯಿತು, ಊರಿನ ದನಗಳು ಕಾಡಿಗೆ ಮೇಯಲು ಹೋದವು, ಬಲಿತ ಉಣುಗುಗಳಿಗೆ ದನದ ರಕ್ತ ಯಥೇಚ್ಛ ಸಿಕ್ಕಿ ಉಣುಗು ಬೆಳೆಯಿತು, ಉಣುಗಿನಿಂದ ಮಂಗನೂ ಮನುಷ್ಯನೂ ಬಿದ್ದರು. ದನಕ್ಕೆ ಕಾಯಿಲೆಯಿಲ್ಲ, ಆದರೆ ಕಾಯಿಲೆಯ ಸೈನ್ಯಕ್ಕೆ ಊಟ ಹಾಕುವುದು ದನ. ಇದು ಆಸ್ಪತ್ರೆಯ ಕೋಣೆಯಲ್ಲಿ ಕುಳಿತವನಿಗೆ ಕಾಣುವ ಸತ್ಯವಲ್ಲ. ಭೂಮಿ, ದನ, ಕಾಡು, ಕೂಲಿ, ಇಷ್ಟನ್ನೂ ಒಟ್ಟಿಗೆ ನೋಡಿದವನಿಗೆ ಮಾತ್ರ ಕಾಣುವ ಸತ್ಯ.

ಈ ಪಾಠವನ್ನು ಕಲಿತೆವೇ? ೧೯೮೨–೮೩ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆ ಗೇರು ತೋಟಕ್ಕೆಂದು ಕಾಡು ಸವರಿದ ಮೇಲೆ ಈ ಜ್ವರ ಎದ್ದು ನೂರಕ್ಕೂ ಮೇಲ್ಪಟ್ಟು ಜನ ಸತ್ತರು. ಗೇರು ಬೆಳೆಸುವ ಶಾಸ್ತ್ರ ಒಂದು ಇಲಾಖೆಯಲ್ಲಿ, ಜ್ವರದ ಶಾಸ್ತ್ರ ಇನ್ನೊಂದು ಇಲಾಖೆಯಲ್ಲಿ. ಎರಡೂ ಒಂದೇ ಸರ್ಕಾರದ ಮನೆಯಲ್ಲಿ, ನಡುವೆ ಗೋಡೆ. ಮೊದಲು ಸಾಗರ, ಸೊರಬ, ಶಿಕಾರಿಪುರ ಈ ಮೂರು ತಾಲೂಕುಗಳಲ್ಲಿದ್ದ ಕಾಯಿಲೆ ೨೦೧೨ರಿಂದ ೨೦೧೬ರೊಳಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿತು. ೨೦೧೯ರಲ್ಲಿ ನಮ್ಮ ಪಕ್ಕದ ಸಾಗರದ ಅರಲಗೋಡಿನಲ್ಲಿ ಎಷ್ಟು ಮನೆಗಳ ದೀಪ ಆರಿತು ಎಂಬುದನ್ನು ನೀವು ಬಲ್ಲಿರಿ.

ಲಸಿಕೆಯ ಕಥೆಯೂ ಅಷ್ಟೇ. ೧೯೯೦ರಿಂದ ಜನರಿಗೆ ಲಸಿಕೆ ಹಾಕಿದರು. ೨೦೧೩ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಎರಡು ಸಲ ಹಾಕಿಸಿಕೊಂಡವರಲ್ಲಿ ಅದರ ಫಲ ನೂರಕ್ಕೆ ೬೨, ಮೂರನೆಯದನ್ನೂ ಹಾಕಿಸಿಕೊಂಡವರಲ್ಲಿ ೮೩. ಆದರೆ ಸೂಜಿ ಚುಚ್ಚಿದ ತೋಳು ಉರಿಯುತ್ತದೆ. ಮರುದಿನ ಕೊಡಲಿ ಎತ್ತಲಾಗದವನಿಗೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಎರಡನೆಯ ಸಲಕ್ಕೆ, ಮೂರನೆಯ ಸಲಕ್ಕೆ ಬಾರದವನನ್ನು ಅಜ್ಞಾನಿ ಎಂದು ಬರೆದುಕೊಂಡರೆ ಸಾಕೇ? ಒಂದು ದಿನದ ಕೂಲಿಯ ಲೆಕ್ಕ ತಿಳಿದ ಅರ್ಥಶಾಸ್ತ್ರಿ ವೈದ್ಯನ ಪಕ್ಕದಲ್ಲಿ ಕುಳಿತಿದ್ದರೆ ಆ ಕೂಲಿಯನ್ನೂ ಲಸಿಕೆಯ ಖರ್ಚಿನಲ್ಲೇ ಸೇರಿಸುತ್ತಿದ್ದ. ೨೦೨೨ರ ಸುಮಾರಿಗೆ ಆ ಹಳೆಯ ಲಸಿಕೆಯೇ ನಿಂತುಹೋಯಿತು. ಹೊಸದನ್ನು ಮಾಡುವ ಪ್ರಯತ್ನ ಶುರುವಾಗಿದೆ. ಅದು ಬಂದ ದಿನವೂ ಈ ಪ್ರಶ್ನೆ ಬಾಗಿಲಲ್ಲೇ ನಿಂತಿರುತ್ತದೆ.

‘ಕಾಡಿಗೆ ಹೋಗಬೇಡಿ’ ಎಂದು ಡಂಗುರ ಸಾರುತ್ತಾರೆ. ಸರಿ. ಸೌದೆ ಎಲ್ಲಿಂದ? ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ? ಡಿಸೆಂಬರಿನಿಂದ ಮೇವರೆಗೆ ಜ್ವರದ ಕಾಲ. ದರಗು ಗುಡಿಸುವ ಕಾಲವೂ ಅದೇ! ಒಂದೇ ಶಾಸ್ತ್ರ ಕಲಿತವನ ಬುದ್ಧಿವಾದ ಹೀಗೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಆದ್ದರಿಂದ ನಾವು ಹೇಳುವುದಿಷ್ಟೇ. ಇಂದಿನ ದೊಡ್ಡ ಸಂಕಟಗಳು, ಜ್ವರವಾಗಲಿ, ಮಳೆ ತಪ್ಪುವುದಾಗಲಿ, ಕಾಡು ಕರಗುವುದಾಗಲಿ, ಯಾವ ಒಂದು ಶಾಸ್ತ್ರದ ಸೊತ್ತೂ ಅಲ್ಲ. ಅವುಗಳನ್ನು ಎದುರಿಸುವ ಪದವೀಧರನನ್ನು ಹಲವು ಶಾಸ್ತ್ರಗಳು ಕೂಡಿದ ಶಾಲೆಯಲ್ಲಿ ತಯಾರು ಮಾಡಬೇಕು. ಹಾಗೆಂದರೆ ಎಲ್ಲವನ್ನೂ ಚೂರುಚೂರು ಕಲಿತು ಯಾವುದನ್ನೂ ಸರಿಯಾಗಿ ಕಲಿಯದವನಲ್ಲ. ಗಿರಣಿಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಯ್ಲರಿನವನಿಗೆ ಬಾಯ್ಲರು ಪೂರ್ತಿ ತಿಳಿದಿರಬೇಕು. ಆದರೆ ಬೆಲ್ಟಿನವನ ಕೂಗಿನ ಅರ್ಥವೂ ತಿಳಿದಿರಬೇಕು. ಇಲ್ಲದಿದ್ದರೆ ಕೈ ಹೋಗುತ್ತದೆ. ಅಂಗಡಿಯವರನ್ನು ಕೇಳಿ: ಮಳೆ, ದಾರಿ, ಫಸಲು, ಸಾಲ, ಎಲ್ಲವನ್ನೂ ಕೂಡಿಸಿ ನೋಡದವನ ಅಂಗಡಿ ಎಷ್ಟು ದಿನ ನಡೆದೀತು?

ಇದು ಬರಿಯ ಕನಸಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನ ಶಾಸ್ತ್ರದ ಪ್ರೊಫೆಸರಾಗಿದ್ದರು. ೧೯೭೪ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿ, ಹಳ್ಳಿಯ ಹೆಂಗಸರು ದಿನಕ್ಕೆಷ್ಟು ಹೊತ್ತು ಸೌದೆ ತರುತ್ತಾರೆ ಎಂಬುದನ್ನೂ ವಿಜ್ಞಾನದ ಲೆಕ್ಕಕ್ಕೆ ಸೇರಿಸಿದರು. ನಿಮ್ಮಲ್ಲಿ ಅನೇಕರ ಮನೆಯಲ್ಲಿದ್ದ ಅಸ್ತ್ರ ಒಲೆ ಆ ಕೂಡಿಕೆಯ ಮಗು. ಅದೇ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು ೧೯೮೩ರಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಆರಂಭಿಸಿದರು. ಮುಂದೆ ಚರಿತ್ರೆ ಬಲ್ಲ ರಾಮಚಂದ್ರ ಗುಹಾ ಅವರೊಡನೆ ಕೂಡಿ ನಮ್ಮ ದೇಶದ ಕಾಡಿನ ಚರಿತ್ರೆ ಬರೆದರು. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯಲ್ಲಿ ಡಾಕ್ಟರೇಟಿಗೆ ಓದುವವರು ಜೀವಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಒಟ್ಟಿಗೆ ಕಲಿಯುತ್ತಾರೆ. ಆ ಸಂಸ್ಥೆಯವರೂ, ಪಶುರೋಗದ ಪಂಡಿತರೂ, ಸಾರ್ವಜನಿಕ ಆರೋಗ್ಯದವರೂ, ಇಂಗ್ಲೆಂಡಿನವರೂ ಸೇರಿ ೨೦೨೦ರಲ್ಲಿ ಮಂಗನ ಕಾಯಿಲೆಯ ಅಪಾಯದ ನಕ್ಷೆಯನ್ನೇ ಪ್ರಕಟಿಸಿದರು: ಹಸಿರು ಕಾಡೂ ತೋಟವೂ ಬೆರೆತಿರುವ, ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು. ಬೊಶೆಲ್ ಐವತ್ತು ವರ್ಷದ ಹಿಂದೆ ಕಾಲ್ನಡಿಗೆಯಲ್ಲಿ ಕಂಡದ್ದಕ್ಕೆ ಲೆಕ್ಕದ ಬಲ ಬಂತು.

ಹೊರಗಿನ ಪ್ರಪಂಚದಲ್ಲೂ ಇದೇ ಕಥೆ. ೨೦೧೪ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ಸತ್ತವರನ್ನು ಮುಟ್ಟಿ ತೊಳೆಯುವ ಪದ್ಧತಿಯಿಂದಲೂ ಅದು ಹರಡುತ್ತಿತ್ತು. ಪೊಲೀಸರ ಬಲದಿಂದ ನಿಲ್ಲಿಸಹೋದರೆ ಜನ ಹೆಣ ಬಚ್ಚಿಟ್ಟರು. ಜನಪದರ ನಡೆನುಡಿ ಬಲ್ಲ ಮಾನವಶಾಸ್ತ್ರಜ್ಞರು ವೈದ್ಯರ ಜೊತೆ ಕುಳಿತು, ಸತ್ತವರಿಗೂ ಮರ್ಯಾದೆ, ಇದ್ದವರಿಗೂ ರಕ್ಷೆ ಎಂಬಂಥ ಶವಸಂಸ್ಕಾರದ ಕ್ರಮ ರೂಪಿಸಲು ನೆರವಾದರು.

ಹಾಗಾದರೆ ಕೊರತೆ ಏನು? ಕೂಡಿಕೆ ಆಗಿರುವುದು ಪಂಡಿತ ಪಂಡಿತರ ನಡುವೆ. ದರಗು ಗುಡಿಸುವವನು ಇನ್ನೂ ಹೊರಗೆ ನಿಂತಿದ್ದಾನೆ. ಯಾವ ಮರದಡಿ ಮಂಗ ಸತ್ತಿದೆ ಎಂದು ಮೊದಲು ತಿಳಿಯುವುದು ಅವನಿಗೆ. ಅವನ ತಿಳಿವಳಿಕೆಯೂ ಒಂದು ಶಾಸ್ತ್ರ. ಅದಕ್ಕೆ ಕುರ್ಚಿ ಹಾಕದ ವಿಶ್ವವಿದ್ಯಾನಿಲಯ ಎಷ್ಟು ಶಾಸ್ತ್ರ ಕೂಡಿಸಿದರೂ ಲೆಕ್ಕದಲ್ಲಿ ಒಂದು ಕಡಿಮೆಯೇ.

ನಮ್ಮ ಬೇಡಿಕೆಗಳು ನಾಲ್ಕು. ಮೊದಲನೆಯದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವೂ ಇರುವಕ್ಕಿಯ ಕೃಷಿ ವಿಶ್ವವಿದ್ಯಾನಿಲಯವೂ ಶಿವಮೊಗ್ಗದ ವೈದ್ಯಕೀಯ ಕಾಲೇಜೂ ಕೂಡಿ, ಕಾಡು, ದನ, ಮನುಷ್ಯ, ಈ ಮೂರರ ಆರೋಗ್ಯದ ಬಗ್ಗೆ ಒಂದೇ ಸ್ನಾತಕೋತ್ತರ ವ್ಯಾಸಂಗ ನಡೆಸಲಿ. ಯಾವ ಪದವಿ ಪಡೆದವರಿಗೂ ಅಲ್ಲಿ ಬಾಗಿಲು ತೆರೆದಿರಲಿ. ಎರಡನೆಯದು, ಅಲ್ಲಿ ಓದುವವರು ಒಂದು ಜ್ವರದ ಕಾಲವನ್ನು ಪೂರ್ತಿಯಾಗಿ ನಮ್ಮ ಹಳ್ಳಿಯಲ್ಲಿ ಕಳೆಯಲಿ. ಮೂರನೆಯದು, ಕಂಡುಕೊಂಡದ್ದನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಿದ ಮೇಲೆಯೇ ಪದವಿ ಕೊಡಲಿ. ನಾಲ್ಕನೆಯದು, ಕೂಲಿಯವರ ಮಕ್ಕಳು ಅಲ್ಲಿ ಓದುವಷ್ಟು ವಿದ್ಯಾರ್ಥಿವೇತನ ಸಿಗಲಿ. ಬರಿಯ ಶುಲ್ಕಕ್ಕಲ್ಲ, ಮನೆಯ ಅಕ್ಕಿಗೂ ಸಾಲುವಷ್ಟು.

ಇದರ ಖರ್ಚನ್ನು ಕೇಳುವವರಿಗೆ ಒಂದು ಮಾತು. ಜ್ವರದ ಸುದ್ದಿ ಹಬ್ಬಿದ ವಾರ ಪೇಟೆಗೆ ಜನ ಬರುವುದಿಲ್ಲ. ಅಂಗಡಿಯವರ ಆ ನಷ್ಟ, ಕೂಲಿಯವರ ಆ ತಿಂಗಳು, ಸತ್ತವನ ಮನೆಯ ಮುಂದಿನ ಇಪ್ಪತ್ತು ವರ್ಷ, ಇವನ್ನೆಲ್ಲ ಯಾವ ಬಜೆಟ್ಟಿನಲ್ಲೂ ಬರೆಯುವುದಿಲ್ಲ. ಬರೆದು ಕೂಡಿಸಿ ನೋಡಲಿ.

ಮೂಟೆ ಹೊರಲು ಹೋದ ಆ ಹುಡುಗ ಗಣಿತದಲ್ಲಿ ನಮ್ಮನ್ನೇ ಮೀರಿಸುತ್ತಿದ್ದ. ತಂದೆಯ ಜ್ವರವನ್ನು ಕಂಡವನು, ಕಾಡಿನ ದಾರಿ ಬಲ್ಲವನು, ಲೆಕ್ಕ ಬಲ್ಲವನು. ಈ ಕಾಯಿಲೆಯನ್ನು ಅರಿಯಲು ಬೇಕಾದ ಮೂರು ಶಾಸ್ತ್ರಗಳು ಹತ್ತು ವರ್ಷದ ಅವನೊಬ್ಬನಲ್ಲೇ ಕೂಡಿದ್ದವು. ಅವನಿಗೆ ನಾವು ಮೂಟೆ ಕೊಟ್ಟೆವು. ಮುಂದೆ ಅಂಥ ಇನ್ನೊಬ್ಬ ಹುಡುಗ, ಇನ್ನೊಬ್ಬ ಹುಡುಗಿ ಜಡೆಯ ಶಾಲೆಯಿಂದ ಹೊರಟಾಗ ದಾರಿ ಗಿರಣಿಯ ಬಾಗಿಲಲ್ಲೇ ಮುಗಿಯಬಾರದು. ಅದಕ್ಕಾಗಿ ಈ ಬೇಡಿಕೆಗಳ ಮನವಿಗೆ ನೀವೆಲ್ಲರೂ ಸಹಿ ಹಾಕಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಆ ಹೆಬ್ಬೆಟ್ಟಿಗೂ ವಿಶ್ವವಿದ್ಯಾನಿಲಯ ಉತ್ತರ ಕೊಡಬೇಕು.