ಮುಂದೆ ಓಡುವವನ ಪಾಲು



ದತ್ತಿ ಉಪನ್ಯಾಸ ಎಂದರೆ ವಚನ, ಶರಣರ ಬದುಕು, ಹೆಚ್ಚೆಂದರೆ ಜಾನಪದ ಎಂದು ವಿಷಯ ಗೊತ್ತುಮಾಡುವುದು ರೂಢಿ. ಈ ಸಲ ಓಟದ ಮೇಲೆ ಮಾತಾಡಿ ಎಂದು ಕೇಳಿದವರು ದತ್ತಿ ಇಟ್ಟವರೇ. ಓಟವೆಂದರೂ ಸಣ್ಣ ವಿಷಯವಲ್ಲ. ಅದಕ್ಕೇ ನೂರು ಮೀಟರಿನ ಗೊಡವೆಗೂ ಮ್ಯಾರಥಾನಿನ ಗೊಡವೆಗೂ ಹೋಗದೆ ನಡುವಿನ ಒಂದು ತುಂಡನ್ನು ಹಿಡಿದುಕೊಂಡಿದ್ದೇನೆ. ಗಂಡಸರ 800 ಮೀಟರ್, ಅದರ ಜೊತೆಗೆ ಒಂದಿಷ್ಟು 1500 ಮೀಟರ್. ಅದರಲ್ಲೂ ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟದಂಥ ದೊಡ್ಡ ಕೂಟಗಳಲ್ಲಿ ಈ ಓಟ ಹೇಗೆ ನಡೆಯುತ್ತದೆ, ಅಲ್ಲಿ ಯಾರು ಯಾರಿಗೆ ಋಣಿ ಎಂಬುದಷ್ಟೇ ಇವತ್ತಿನ ಮಾತು.

1976ರ ಜುಲೈ 25, ಮಾಂಟ್ರಿಯಲ್. ಒಲಿಂಪಿಕ್ಸ್ 800 ಮೀಟರ್ ಫೈನಲ್. ಎಂಟು ಜನರಲ್ಲಿ ಒಬ್ಬ ನಮ್ಮ ಸೈನ್ಯದ ರಜಪುತಾನಾ ರೈಫಲ್ಸ್‌ನ ಶ್ರೀರಾಮ್ ಸಿಂಗ್. ಅವನಿಗೆ ತರಬೇತಿ ಕೊಟ್ಟವರು ಇಲ್ಯಾಸ್ ಬಾಬರ್. 400 ಮೀಟರ್ ಓಡುತ್ತಿದ್ದವನನ್ನು 800ಕ್ಕೆ ತಿರುಗಿಸಿದವರೂ ಅವರೇ. ಕ್ಯೂಬಾದ ಆಲ್ಬರ್ಟೊ ಹ್ವಾಂಟೊರೆನಾ ಇದ್ದಾನೆ, ಅಮೆರಿಕದ ರಿಕ್ ವೋಲ್‌ಹುಟರ್ ಇದ್ದಾನೆ, ಬೆಲ್ಜಿಯಮ್ಮಿನ ಐವೊ ವಾನ್ ಡಾಮ್ ಇದ್ದಾನೆ, ಮುಂದೆ ದೊಡ್ಡ ಹೆಸರು ಮಾಡಲಿದ್ದ ಇಂಗ್ಲಿಷ್ ಹುಡುಗ ಸ್ಟೀವ್ ಓವೆಟ್ ಇದ್ದಾನೆ. ಇಷ್ಟು ಜನರ ಮುಂದೆ ಮೊದಲ ಸುತ್ತನ್ನು ಎಳೆದವನು ಶ್ರೀರಾಮ್ ಸಿಂಗ್. 400 ಮೀಟರ್ ಗೆರೆಯನ್ನು ಅವನು 50.85 ಸೆಕೆಂಡಿನಲ್ಲಿ ದಾಟಿದ. ಗಂಟೆಗೆ 28 ಕಿಲೋಮೀಟರಿಗಿಂತ ಜಾಸ್ತಿ ವೇಗ. ಈ ಸಭೆ ಮುಗಿದ ಮೇಲೆ ಯಾರಾದರೂ ಮೋಟರ್ ಸೈಕಲ್ಲಿನ ಮುಳ್ಳನ್ನು 28ಕ್ಕೆ ನಿಲ್ಲಿಸಿ, ಪಕ್ಕದಲ್ಲಿ ಒಬ್ಬನನ್ನು ಓಡಲು ಹೇಳಿ ನೋಡಿ. ಇಪ್ಪತ್ತು ಹೆಜ್ಜೆಗೆ ಕೈ ಎತ್ತುತ್ತಾನೆ.

ಎರಡನೇ ಸುತ್ತಿನಲ್ಲಿ ಹ್ವಾಂಟೊರೆನಾ ಅವನನ್ನು ದಾಟಿದ. ಆಮೇಲೆ ಇನ್ನೂ ಐದು ಜನ ದಾಟಿದರು. ಹ್ವಾಂಟೊರೆನಾ 1 ನಿಮಿಷ 43.50 ಸೆಕೆಂಡಿನಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಬರೆದ. ಶ್ರೀರಾಮ್ ಏಳನೆಯವನಾಗಿ 1:45.77ಕ್ಕೆ ಬಂದ. ಹಾಗೆ ನೋಡಿದರೆ ಅವನ ಎರಡನೇ ಸುತ್ತಿಗೆ ಸುಮಾರು 55 ಸೆಕೆಂಡು ಹಿಡಿಯಿತು, ಮೊದಲನೆಯದಕ್ಕಿಂತ ನಾಲ್ಕು ಸೆಕೆಂಡು ಹೆಚ್ಚು. ಮುಂದೆ ಓಡಿದ್ದಕ್ಕೆ ಅವನು ತೆತ್ತ ಬೆಲೆ ಅದು. ಹಿಂದೆ ಸದ್ದಿಲ್ಲದೆ ಕೂತಿದ್ದರೆ ಐದನೆಯವನೋ ಆರನೆಯವನೋ ಆಗಬಹುದಿತ್ತು. ಆರನೆಯ ಯುಗೊಸ್ಲಾವಿಯಾದ ಸುಶಾನ್ಯನಿಗೂ ಅವನಿಗೂ ನಡುವೆ ಇದ್ದದ್ದು ಸೆಕೆಂಡಿನ ನೂರರಲ್ಲಿ ಎರಡು ಪಾಲು. ಆದರೆ ಮೊದಲ ಸುತ್ತನ್ನು ಆ ವೇಗಕ್ಕೆ ಯಾರೂ ಎಳೆಯದಿದ್ದರೆ ಕ್ಯೂಬನ್ನನ ವಿಶ್ವದಾಖಲೆ ಆ ದಿನ ಆಗುತ್ತಿರಲಿಲ್ಲ ಎಂಬುದು ನನ್ನ ಮಾತಷ್ಟೇ ಅಲ್ಲ, ಹ್ವಾಂಟೊರೆನಾನೇ ಆ ವೇಗಕ್ಕೆ ಶ್ರೀರಾಮನನ್ನು ನೆನೆದಿದ್ದಾನೆ. ನಮ್ಮ ಪತ್ರಿಕೆಗಳ ಲೆಕ್ಕದಲ್ಲಿ ಮಾತ್ರ ಅದು 'ಏಳನೇ ಸ್ಥಾನ' ಎಂದು ಒಂದು ಸಾಲಿಗೆ ಮುಗಿದುಹೋಯಿತು.

ಮುಂದೆ ಓಡುವುದು ಅಷ್ಟು ದುಬಾರಿ ಯಾಕೆ? ಎದುರುಗಾಳಿಯನ್ನು ಸೀಳುವವನು ಮುಂದಿನವನು, ಬೆನ್ನಿಗೆ ಅಂಟಿಕೊಂಡವನಿಗೆ ಆ ಖರ್ಚು ಕಡಿಮೆ. ಎರಡನೆಯದಾಗಿ, ಮುಂದಿರುವವನಿಗೆ ಹಿಂದೆ ಏನು ನಡೆದಿದೆ ಎಂದು ಕಾಣುವುದಿಲ್ಲ. ಹಿಂದಿನವನಿಗೆ ಎಲ್ಲರ ಬೆನ್ನೂ ಭುಜವೂ ಕಾಣುತ್ತವೆ. ಯಾರ ಭುಜ ಬಿಗಿಯಾಗಿದೆ, ಯಾರ ಕೈ ಅಡ್ಡಡ್ಡ ಬೀಸುತ್ತಿದೆ ಎಂದು ಓದಿಕೊಂಡು ಕಾಯಬಹುದು. ಆದರೆ ಕಾಯುವುದಕ್ಕೂ ಬೆಲೆಯಿದೆ. 800 ಮೀಟರ್ ಓಟದಲ್ಲಿ ಮೊದಲ ತಿರುವಿನವರೆಗೆ ಎಲ್ಲರೂ ತಂತಮ್ಮ ಲೇನಿನಲ್ಲೇ ಓಡಬೇಕು. ಆ ತಿರುವು ಮುಗಿದ ಮೇಲೆ ಒಳಗಿನ ಲೇನಿಗೆ ನುಗ್ಗಬಹುದು. ಎಂಟು ಜನ ಒಂದೇ ಲೇನಿಗೆ ನುಗ್ಗಿದರೆ ಮೊಣಕೈ ತಾಕುತ್ತದೆ, ಮೊಳೆ ಇರುವ ಬೂಟು ಹಿಮ್ಮಡಿ ತುಳಿಯುತ್ತದೆ. ಒಳಗೆ ಸಿಕ್ಕವನು ನಾಲ್ಕು ಕಡೆಯಿಂದ ಮುಚ್ಚಿಹೋಗುತ್ತಾನೆ, ಅದಕ್ಕೆ ಓಟಗಾರರು 'ಬಾಕ್ಸ್ ಆದೆ' ಅನ್ನುತ್ತಾರೆ. ಬಾಕ್ಸ್ ಆಗದಿರಲಿ ಎಂದು ಹೊರಗಿನಿಂದ ಓಡಿದರೆ ಅಲ್ಲೂ ಸುಂಕ ಕಟ್ಟಬೇಕು. ಲೇನಿನ ಅಗಲ 1.22 ಮೀಟರ್. ಎರಡನೇ ಲೇನಿನಲ್ಲಿ ಒಂದು ತಿರುವು ಸುತ್ತಿದರೆ ಸುಮಾರು 3.8 ಮೀಟರ್ ಹೆಚ್ಚು ಓಡಿದಂತೆ, ಪೂರ್ತಿ ಸುತ್ತಿಗೆ ಏಳೂವರೆ ಮೀಟರ್. ಪದಕ ಕೈತಪ್ಪಲು ಅರ್ಧ ಮೀಟರ್ ಸಾಕಾಗುವ ಆಟದಲ್ಲಿ ಏಳೂವರೆ ಮೀಟರ್!

ಈ ಲೆಕ್ಕ ನಮ್ಮ ಹುಡುಗರಿಗೆ ಗೊತ್ತಿಲ್ಲದ್ದೇನಲ್ಲ. ಹೋಬಳಿ, ತಾಲ್ಲೂಕು ಮಟ್ಟದ ಕೂಟಗಳಲ್ಲಿ ಮೈದಾನದಲ್ಲಿ ಸುಣ್ಣ ಸುರಿದು ಹಾಕುವುದು ಸಾಮಾನ್ಯವಾಗಿ 200 ಮೀಟರ್ ಸುತ್ತು. ಎಂಟು ನೂರಕ್ಕೆ ನಾಲ್ಕು ಸುತ್ತು, ಎಂಟು ತಿರುವು, ಅದೂ ಕಿರಿದಾದ ತಿರುವು. ಬೇಗ ಓಡುವವನಿಗಿಂತ ಒಳಗೆ ಮೊದಲು ನುಗ್ಗಿದವನಿಗೆ ಲಾಭ. ಸೀಟಿ ಊದಿದ ಕೂಡಲೇ ಹುಡುಗರು ಪ್ರಾಣ ಹೋಗುವ ಹಾಗೆ ಓಡುತ್ತಾರೆ, ಎರಡನೇ ಸುತ್ತಿಗೆ ಅರ್ಧ ಜನ ಸೊಂಟಕ್ಕೆ ಕೈ ಕೊಡುತ್ತಾರೆ. ನೋಡುವವರು ನಗುತ್ತಾರೆ. ನಾನು ನಗುವುದಿಲ್ಲ, ಯಾಕೆಂದರೆ ಆ ಹುಡುಗರು ಓದಿದ್ದು ಸರಿಯಾಗಿಯೇ ಇದೆ. ತಪ್ಪಿರುವುದು ಮೈದಾನ.

ಮುಂದೆ ಓಡಿಯೂ ಗೆದ್ದವರಿದ್ದಾರೆ. 2012ರಲ್ಲಿ ಲಂಡನ್ನಿನಲ್ಲಿ ಕೀನ್ಯಾದ ಡೇವಿಡ್ ರುಡಿಶಾ ಮೊದಲ ಸುತ್ತನ್ನು 49.28ಕ್ಕೆ ಮುಗಿಸಿ, ಯಾರ ಬೆನ್ನನ್ನೂ ನೋಡದೆ, 1:40.91ರ ವಿಶ್ವದಾಖಲೆಗೆ ಓಡಿದ. ನನಗೆ ಆ ಓಟದಲ್ಲಿ ರುಡಿಶಾನಿಗಿಂತ ಹೆಚ್ಚು ಕಾಡುವವನು ಕೊನೆಗೆ ಬಂದ ಬ್ರಿಟನ್ನಿನ ಆಂಡ್ರೂ ಒಸಾಗಿ. ಅವನ ಸಮಯ 1:43.77. ಅದಕ್ಕೂ ಹಿಂದಿನ ಮೂರು ಒಲಿಂಪಿಕ್ಸ್‌ಗಳಲ್ಲಿ, ಅಂದರೆ ಸಿಡ್ನಿ, ಅಥೆನ್ಸ್, ಬೀಜಿಂಗ್‌ನಲ್ಲಿ, ಚಿನ್ನ ಗೆದ್ದ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಒಬ್ಬ ಮುಂದೆ ನಿಂತು ಎಳೆದರೆ ಎಂಟನೆಯವನೂ ಬದಲಾಗುತ್ತಾನೆ. ಪ್ಯಾರಿಸ್ಸಿನಲ್ಲಿ 2024ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸನ್ 1500 ಮೀಟರಿನ ಬಹುಪಾಲನ್ನು ತಾನೇ ಮುಂದಿದ್ದು ಓಡಿದ. ಟೋಕಿಯೊದಲ್ಲಿ ತಾನೇ ಬರೆದಿದ್ದ ಒಲಿಂಪಿಕ್ ದಾಖಲೆಗಿಂತ ಬೇಗ, 3:28.24ಕ್ಕೆ ಗುರಿ ಮುಟ್ಟಿದ. ಸಿಕ್ಕಿದ್ದು ನಾಲ್ಕನೇ ಸ್ಥಾನ. ಅವನ ಬೆನ್ನಿಗೆ ಬಂದ ಅಮೆರಿಕದ ಕೋಲ್ ಹಾಕರ್ ಕೊನೆಯಲ್ಲಿ ಒಳಗಿನಿಂದ ನುಸುಳಿ 3:27.65ಕ್ಕೆ ಚಿನ್ನ ಹೊಡೆದ. ದಾಖಲೆ ಪುಸ್ತಕದಲ್ಲಿ ಹಾಕರನ ಹೆಸರಿದೆ. ಅರ್ಧ ಕೂಲಿ ಇಂಗೆಬ್ರಿಗ್ಟ್‌ಸನ್‌ನದು.

ಇನ್ನು ನಮ್ಮ ದೇಶಕ್ಕೆ ಬರುತ್ತೇನೆ. ಏಷ್ಯನ್ ಕ್ರೀಡಾಕೂಟದ 800 ಮೀಟರ್ ಭಾರತಕ್ಕೆ ಒಗ್ಗಿದ ಓಟ. 1951ರಲ್ಲಿ ದೆಹಲಿಯಲ್ಲಿ ರಣಜಿತ್ ಸಿಂಗ್, 1966ರಲ್ಲಿ ಬ್ಯಾಂಕಾಕಿನಲ್ಲಿ ಅಸ್ಸಾಮಿನ ಭೋಗೇಶ್ವರ ಬರುವಾ, 1974 ಮತ್ತು 1978ರಲ್ಲಿ ಶ್ರೀರಾಮ್ ಸಿಂಗ್, 1982ರಲ್ಲಿ ಮತ್ತೆ ದೆಹಲಿಯಲ್ಲಿ ಚಾರ್ಲ್ಸ್ ಬೊರೋಮಿಯೊ, 1:46.81ಕ್ಕೆ. ಬೊರೋಮಿಯೊ ಕೂಡ ಬಾಬರ್ ಗರಡಿಯವನೇ. ಆಮೇಲೆ 36 ವರ್ಷ ಚಿನ್ನವಿಲ್ಲ. ಮಾಂಟ್ರಿಯಲ್ಲಿನ ಆ 1:45.77 ರಾಷ್ಟ್ರೀಯ ದಾಖಲೆಯಾಗಿ ಇನ್ನೂ ಗಟ್ಟಿಯಾಗಿ ಕೂತಿತ್ತು. ಅದನ್ನು ಅಳಿಸಲು 2018ರ ಜೂನ್ ಬರಬೇಕಾಯಿತು. ಗುವಾಹಟಿಯಲ್ಲಿ ಕೇರಳದ ಜಿನ್ಸನ್ ಜಾನ್ಸನ್ 1:45.65 ಓಡಿದ. 42 ವರ್ಷದಲ್ಲಿ ದೇಶ ಮುಂದೆ ಸರಿದದ್ದು 0.12 ಸೆಕೆಂಡು.

ಯಾಕೆ ಹೀಗಾಯಿತು ಎಂದು ಕೇಳಿದರೆ ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಹಾಲು ಮೊಟ್ಟೆ ಇಲ್ಲ, ನೌಕರಿ ಇಲ್ಲ ಎಂಬ ಉತ್ತರಗಳು ತಯಾರಾಗಿವೆ. ಅವು ಸುಳ್ಳಲ್ಲ. ಆದರೆ ಆ ವರ್ಷಗಳಲ್ಲಿ ಟ್ರ್ಯಾಕ್ ಹೆಚ್ಚಾಯಿತು, ಶಿಬಿರ ಹೆಚ್ಚಾಯಿತು, ವಿದೇಶಿ ಕೋಚ್‌ಗಳೂ ಬಂದರು. ಹೆಚ್ಚದೆ ಉಳಿದದ್ದು ವೇಗದ ಓಟ. ನಮ್ಮ ರಾಷ್ಟ್ರೀಯ ಕೂಟಗಳಲ್ಲಿ ಹುಡುಗ ಓಡುವುದು ಸ್ಥಾನಕ್ಕೆ. ಮೊದಲನೆಯವನಾದರೆ ಸೈನ್ಯದಲ್ಲೋ ರೈಲ್ವೆಯಲ್ಲೋ ನೌಕರಿ ಆದೀತು. ಎರಡನೆಯವನಾಗಿ ಒಳ್ಳೆ ಸಮಯ ತೋರಿಸಿದರೆ ಯಾರು ಕೇಳುತ್ತಾರೆ? ಹಾಗಾಗಿ ಎಲ್ಲರೂ ಕಾಯುತ್ತಾರೆ, ಯಾರೂ ಎಳೆಯುವುದಿಲ್ಲ. 1:49ಕ್ಕೆ ಗೆದ್ದು ಮನೆಗೆ ಹೋಗುತ್ತಾರೆ. ಶ್ರೀರಾಮ್ ಸಿಂಗ್ ತನ್ನ ದಾಖಲೆ ಓಡಿದ್ದು ಜಗತ್ತಿನ ಅತಿ ವೇಗದ ಏಳು ಜನರ ನಡುವೆ. ಅವನ ಉತ್ತರಾಧಿಕಾರಿಗಳಿಗೆ ಅಂಥ ಸಂಗಾತಿಗಳು ಸಿಗಲಿಲ್ಲ. 1500 ಮೀಟರಿನಲ್ಲೂ ಇದೇ ಕಥೆ. ಬಹಾದುರ್ ಪ್ರಸಾದನ 3:38.00, 1995ರದ್ದು. ಅದು ಹೋದದ್ದು 2018ರ ಏಪ್ರಿಲ್‌ನಲ್ಲಿ, ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕೂಟದಲ್ಲಿ, ಜಾನ್ಸನ್ ಐದನೆಯವನಾಗಿ 3:37.86 ಓಡಿದಾಗ. ದಾಖಲೆಗೆ ಐದನೇ ಸ್ಥಾನ ಬೇಕಾಯಿತು, ಅಂದರೆ ಅವನ ಮುಂದೆ ನಾಲ್ಕು ಜನ ಬೇಕಾದರು.

ಅದೇ ವರ್ಷ ಆಗಸ್ಟ್‌ನಲ್ಲಿ ಜಕಾರ್ತಾದ ಏಷ್ಯನ್ ಕೂಟ. ಇಲ್ಲಿ ನನ್ನ ವಾದಕ್ಕೆ ನಾನೇ ಎದುರು ಸಾಕ್ಷಿ ತರಬೇಕು. 800 ಮೀಟರ್ ಫೈನಲ್‌ನಲ್ಲಿ ಎಲ್ಲರ ಕಣ್ಣೂ ಜಾನ್ಸನ್ ಮೇಲೆ. ಹರಿಯಾಣದ ಮಂಜಿತ್ ಸಿಂಗ್‌ಗೆ ಅಂತರರಾಷ್ಟ್ರೀಯ ಪದಕವಿಲ್ಲ, ಕೈಯಲ್ಲಿ ಕೆಲಸವೂ ಇಲ್ಲ. ಅವನು ಹಿಂದೆ ಉಳಿದ, ಇನ್ನೂ ಹಿಂದೆ ಉಳಿದ. ಕೊನೆಯ ನೇರದಲ್ಲಿ ಹೊರಗಿನಿಂದ ಬಂದು ಒಬ್ಬೊಬ್ಬರನ್ನಾಗಿ ದಾಟಿದ. ಮಂಜಿತ್ 1:46.15, ಜಾನ್ಸನ್ 1:46.35, ಕತಾರ್‌ನ ಅಬುಬಕರ್ ಅಬ್ದಲ್ಲಾ 1:46.38. ಎರಡು ದಿನದ ಮೇಲೆ 1500 ಮೀಟರಿನಲ್ಲಿ ಜಾನ್ಸನ್ ತಾನೇ ಕಾದು ಗೆದ್ದ, 3:44.72ಕ್ಕೆ. ಏಪ್ರಿಲ್‌ನ ತನ್ನದೇ ಸಮಯಕ್ಕಿಂತ ಸುಮಾರು ಏಳು ಸೆಕೆಂಡು ನಿಧಾನ! 1962ರಲ್ಲಿ ಇದೇ ಜಕಾರ್ತಾದಲ್ಲಿ ಮೊಹಿಂದರ್ ಸಿಂಗ್ ಗೆದ್ದ ಮೇಲೆ ಭಾರತಕ್ಕೆ ಈ ಓಟದಲ್ಲಿ ಬಂದ ಚಿನ್ನ ಅದು. ಪದಕ ಬೇಕಾದರೆ ಕಾಯಬೇಕು ಎಂದು ಮಂಜಿತ್ ತೋರಿಸಿಕೊಟ್ಟ. ಒಪ್ಪುತ್ತೇನೆ. ಆದರೆ ಕಾಯುವುದನ್ನೇ ಕಲಿತವನು ಪ್ಯಾರಿಸ್ಸಿನಂಥ ಓಟಕ್ಕೆ ಬಿದ್ದರೆ ಕಾಯುವುದಕ್ಕೂ ಉಸಿರು ಉಳಿದಿರುವುದಿಲ್ಲ. 2025ರಲ್ಲಿ ಕೇರಳದ ಮೊಹಮ್ಮದ್ ಅಫ್ಸಲ್ 1:44.93 ಓಡಿ, 1:45ರ ಒಳಗೆ ಬಂದ ಮೊದಲ ಭಾರತೀಯನಾದ. ಎಲ್ಲಿ? ಪೋಲೆಂಡಿನ ಪೊಝ್ನಾನ್‌ನಲ್ಲಿ, ಬೇರೆಯವರು ಎಳೆದ ಓಟದಲ್ಲಿ.

ಈ ಪಟ್ಟಿಯಲ್ಲಿ ಕರ್ನಾಟಕ ಎಲ್ಲಿದೆ ಎಂದು ನೀವು ಆಗಲೇ ಹುಡುಕಿರುತ್ತೀರಿ. ಏಷ್ಯನ್ ಕೂಟದ 800, 1500 ಚಿನ್ನದ ಪಟ್ಟಿಯಲ್ಲಿ ನಮ್ಮ ರಾಜ್ಯದ ಗಂಡಸಿನ ಹೆಸರಿಲ್ಲ. ನಮ್ಮ ಹೆಸರುಗಳು ಎರಡು ತುದಿಯಲ್ಲಿವೆ. ಅತ್ತ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ 2 ಗಂಟೆ 50 ನಿಮಿಷದಲ್ಲಿ 19ನೆಯವನಾಗಿ ಬಂದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ದೊರಾಬ್ಜಿ ಟಾಟಾ ಮುಂದಾಗಿ ಕಳಿಸಿದ, ಬೆರಳೆಣಿಕೆಯ ಆ ತಂಡದಲ್ಲಿ ನಮ್ಮವನೊಬ್ಬನಿದ್ದ. ಇತ್ತ 1964ರ ಟೋಕಿಯೊದಲ್ಲಿ ಓಡಿದ ಕೋಲಾರದ ಕೆನೆತ್ ಪೊವೆಲ್, ಆಮೇಲೆ ಅಶ್ವಿನಿ ನಾಚಪ್ಪ, ಪೂವಮ್ಮ, ಎಲ್ಲರೂ ಒಂದು ಸುತ್ತಿನ ಒಳಗಿನವರು. ನಡುವೆ ಖಾಲಿ.

ನಮ್ಮ ಕೊಟ್ಟೂರು ಸೀಮೆಯ ಜನಕ್ಕೆ ದಮ್ಮು ಇಲ್ಲ ಎಂದು ಯಾರೂ ಹೇಳಲಾರರು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಹಗಲು ರಾತ್ರಿ ನಡೆದು ಬರುವ ಸಾಲನ್ನು ಪ್ರತಿವರ್ಷ ನೋಡುತ್ತೇವೆ, ಅದರಲ್ಲಿ ಅರವತ್ತು ದಾಟಿದವರೂ ಇರುತ್ತಾರೆ. ಅದು ಬೇರೆ ದಮ್ಮು. 800 ಮೀಟರಿಗೆ ಬೇಕಾದದ್ದು ಮೂರನೇ ಎರಡು ಭಾಗ ಉಸಿರಿನ ಶಕ್ತಿ, ಉಳಿದದ್ದು ಉಸಿರಿಗೆ ಕಾಯದೆ ಸ್ನಾಯು ಸುಡುವ ಶಕ್ತಿ. 600 ಮೀಟರಿನ ಹೊತ್ತಿಗೆ ತೊಡೆ ಕಲ್ಲಾಗುತ್ತದೆ. ಆ ಕಲ್ಲಾದ ಕಾಲಿನಲ್ಲಿ ಹೆಜ್ಜೆ ಕೆಡದಂತೆ ಓಡುವುದನ್ನು ಒಬ್ಬನೇ ರಸ್ತೆಯಲ್ಲಿ ಓಡಿ ಕಲಿಯಲಾಗದು. ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಪೊಲೀಸ್, ಸೈನ್ಯದ ಭರ್ತಿಗೆಂದು ಓಡುವ ಹುಡುಗರನ್ನು ಮಾತಾಡಿಸಿ. ಸೈನ್ಯದ ಭರ್ತಿಗೆ 1600 ಮೀಟರ್ ಓಟವಿದೆ. ಅಂದರೆ ನಮ್ಮಲ್ಲಿ ಮಧ್ಯಮ ದೂರದ ಓಟಗಾರರು ಇದ್ದೇ ಇದ್ದಾರೆ, ಅವರಿಗೇ ಗೊತ್ತಿಲ್ಲ. ಭರ್ತಿಯ ಸಮಯ ಸಿಕ್ಕಿತೋ, ಓಟ ಅಲ್ಲಿಗೇ ನಿಂತಿತು. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿ ಹೋಗಿದ್ದಾರೆ. ನಮ್ಮ ಹುಡುಗರು ಅದರ ಗೇಟಿನವರೆಗೆ ತಲುಪಬೇಕಾದರೂ ಕೈಯಲ್ಲಿ ಒಂದು ನಂಬುವಂಥ ಸಮಯ ಬೇಕು. 'ತಾಲ್ಲೂಕಿಗೆ ಫಸ್ಟ್' ಎಂಬ ಸರ್ಟಿಫಿಕೇಟ್ ನೋಡಿ ಯಾರೂ ಒಳಗೆ ಬಿಡುವುದಿಲ್ಲ.

ಆದ್ದರಿಂದ ದತ್ತಿದಾನಿಗಳಲ್ಲಿ ಒಂದು ಬೇಡಿಕೆ ಇಡುತ್ತೇನೆ. ಈ ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೊಂದು 800 ಮೀಟರ್ ಓಟ ನಡೆಸಿ. 400 ಮೀಟರ್ ಸುತ್ತನ್ನೇ ಅಳೆದು ಹಾಕಿಸಿ, ಹೊಲವಾದರೂ ಸರಿ. ಎಂಟೂ ಜನರ ಸಮಯವನ್ನು ಗಡಿಯಾರ ಹಿಡಿದು ಬರೆಸಿ, ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿಸಿ. ಗೆದ್ದವನಿಗೆ ಬಹುಮಾನ ಎಲ್ಲರೂ ಕೊಡುತ್ತಾರೆ. ನೀವು ಮೊದಲ 400 ಮೀಟರನ್ನು ಮುಂದಿದ್ದು ಎಳೆದವನಿಗೂ ಒಂದು ಬಹುಮಾನ ಇಡಿ. ಹಾಗೆ ಮಾಡಿದರೆ ಹುಡುಗರು ಬಹುಮಾನದಾಸೆಗೆ ಮೊದಲ ಸುತ್ತು ಓಡಿ ಮರದ ನೆರಳಿಗೆ ಹೋಗಿ ಕೂರುತ್ತಾರೆ ಎಂದು ಇಲ್ಲಿ ಮುಂದಿನ ಸಾಲಿನಲ್ಲಿರುವ ಪಿ.ಟಿ. ಮಾಸ್ತರು ಆಗಲೇ ನಗುತ್ತಿದ್ದಾರೆ. ಅದಕ್ಕೂ ಷರತ್ತು ಹಾಕಬಹುದು: ಎಳೆದವನು ಕಡೇಪಕ್ಷ ಐದನೆಯವನಾಗಿ ಓಟ ಮುಗಿಸಿದರೆ ಮಾತ್ರ ಬಹುಮಾನ. ಐದೋ ಆರೋ ಎಂಬುದನ್ನು ಮಾಸ್ತರು ಗೊತ್ತುಮಾಡಲಿ, ಮೈದಾನ ಅವರದು.