ಮಕ್ಕಳ ಚಳಿಜ್ವರಕ್ಕೆ ಎರಡು ಬಗೆಯ ಗುಳಿಗೆ ಏಕೆ?

(ಬಂಡ್ರಿಯಲ್ಲಿ ತಾಯಂದಿರಿಗೆ ನೀಡಿದ ಆರೋಗ್ಯ ತಿಳಿವಳಿಕೆಯ ಮಾತುಗಳು)



"ಒಂದು ಜ್ವರಕ್ಕೆ ಇಷ್ಟೊಂದು ಗುಳಿಗೆ ಯಾಕೆ ಸಿಸ್ಟರ್?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಮಲೇರಿಯಾ ಎರಡು ಬಗೆ: ವೈವಾಕ್ಸ್ ಮತ್ತು ಫಾಲ್ಸಿಪಾರಂ. ಮೆದುಳಿಗೆ ಏರಿ ಮಗುವಿನ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಫಾಲ್ಸಿಪಾರಂ. ಹಿಂದೆ ಎರಡಕ್ಕೂ ಕ್ಲೋರೋಕ್ವಿನ್ ಸಾಕಾಗುತ್ತಿತ್ತು. 1973ರಲ್ಲಿ ಅಸ್ಸಾಂನಲ್ಲಿ ಫಾಲ್ಸಿಪಾರಂ ಈ ಗುಳಿಗೆಗೆ ಬಗ್ಗದಿರುವುದು ಕಂಡುಬಂತು. ಮುಂದೆ ಬೇರೆ ರಾಜ್ಯಗಳಿಗೂ ಹರಡಿತು. ನಮ್ಮ ಸಂಡೂರು ಸೀಮೆಗೆ ಗಣಿ ಕೆಲಸಕ್ಕೆ ಜನ ಬರುತ್ತಾರೆ, ನಮ್ಮವರೂ ದುಡಿಯಲು ದೂರದೂರಿಗೆ ಹೋಗಿ ಬರುತ್ತಾರೆ. ರೋಗಾಣುವೂ ಜನರ ರಕ್ತದಲ್ಲೇ ಪ್ರಯಾಣ ಮಾಡುತ್ತದೆ.

ಆದ್ದರಿಂದ 2010ರ ರಾಷ್ಟ್ರೀಯ ಔಷಧ ನೀತಿ ಫಾಲ್ಸಿಪಾರಂಗೆ ದೇಶದಾದ್ಯಂತ ಜೋಡಿ ಔಷಧಿಯನ್ನು ತಂದಿತು. ಅದರಲ್ಲಿ ಒಂದು ಆರ್ಟಿಸುನೇಟ್. ಇದರ ಮೂಲ ಚೀನಾದ ಒಂದು ಗಿಡ. ನೀವು ಮುಡಿಯುವ ದವನದ ಕುಲದ್ದೇ. (ದವನ ತಿನ್ನಿಸಿದರೆ ಜ್ವರ ಹೋಗುವುದಿಲ್ಲ, ದಯವಿಟ್ಟು ಪ್ರಯೋಗ ಮಾಡಬೇಡಿ!)

ಹೊಲದಲ್ಲಿ ಎಡೆಕುಂಟೆ ಹೊಡೆದರೆ ಮುಕ್ಕಾಲು ಕಳೆ ಒಂದೇ ದಿನದಲ್ಲಿ ಹೋಗುತ್ತದೆ. ಬುಡದಲ್ಲಿ ಉಳಿದದ್ದನ್ನು ಕೂತು ಕೈಯಿಂದ ಕೀಳಬೇಕು. ಆರ್ಟಿಸುನೇಟ್ ಕುಂಟೆಯಿದ್ದಂತೆ, ಬೇಗ ಕೊಲ್ಲುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ಮೈಯಿಂದ ಹೊರಟುಹೋಗುತ್ತದೆ. ಜೊತೆಯ ಔಷಧಿ ಹಲವು ದಿನ ರಕ್ತದಲ್ಲಿದ್ದು ಉಳಿದವನ್ನು ಹುಡುಕಿ ಕೀಳುತ್ತದೆ. ಒಂದು ಔಷಧಿಗೆ ಬಗ್ಗದ ರೋಗಾಣು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಎರಡರಿಂದಲೂ ತಪ್ಪಿಸಿಕೊಳ್ಳುವುದು ಬಲು ಅಪರೂಪ. ಆರ್ಟಿಸುನೇಟ್ ಗುಳಿಗೆಯೊಂದನ್ನೇ ಕೊಡಬಾರದು ಎನ್ನುವುದು ಇದಕ್ಕೇ.

ಒಬ್ಬ ತಾಯಿ ಎರಡನೇ ದಿನ ಜ್ವರ ಇಳಿಯಿತೆಂದು ಉಳಿದ ಗುಳಿಗೆಗಳನ್ನು ಚಿಕ್ಕ ಮಗನಿಗೆಂದು ಎತ್ತಿಟ್ಟಿದ್ದರು. ಮೂರು ವಾರಕ್ಕೆ ದೊಡ್ಡವನಿಗೆ ಮತ್ತೆ ನಡುಕ. ಆಕೆಯನ್ನು ನಾನು ಬೈಯಲಿಲ್ಲ. ಜ್ವರ ಇಳಿದರೂ ರೋಗಾಣು ಉಳಿದಿರುತ್ತದೆ ಎಂದು ಮೊದಲೇ ಬಿಡಿಸಿ ಹೇಳದಿದ್ದುದು ನನ್ನದೇ ತಪ್ಪು. ಮೂರು ದಿನದ ಗುಳಿಗೆಯನ್ನು ಮೂರು ದಿನವೂ ಕೊಡಿ. ಪ್ರಮಾಣ ಮಗುವಿನ ವಯಸ್ಸು, ತೂಕದ ಮೇಲೆ ಇರುತ್ತದೆ. ಅಣ್ಣನ ಗುಳಿಗೆ ತಮ್ಮನಿಗಲ್ಲ. ಬರಿ ಹೊಟ್ಟೆಯಲ್ಲಿ ಕೊಡಬೇಡಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದನ್ನೇ ಮತ್ತೆ ಕೊಡಬೇಕು. ಗುಳಿಗೆ ಕಡಿಮೆ ಬಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ವೈವಾಕ್ಸ್ ಆದರೆ ಔಷಧಿಯೇ ಬೇರೆ. ಯಾವುದೆಂದು ಮುಖ ನೋಡಿ ಹೇಳಲಾಗದು, ರಕ್ತ ಪರೀಕ್ಷೆಯೇ ಹೇಳಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.

ಮಗುವಿಗೆ ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ನೀರು ಕುಡಿಯದಿದ್ದರೆ ಗುಳಿಗೆ ಕೊಡುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ.