ಪುಸ್ತಕ ಮುಚ್ಚಿದ ಮೇಲಿನ ಓದು

ಪರೀಕ್ಷೆ ಹತ್ತಿರ ಬಂದರೆ ಮನೆಮನೆಯಲ್ಲೂ ಕೇಳಿಬರುವ ಮಾತು, "ಇನ್ನೊಂದು ಸಲ ಓದು." ಮಗು ಓದುತ್ತದೆ. ಸಾಲುಗಳು ಪರಿಚಿತವೆನಿಸುತ್ತವೆ, ಪಾಠ ಬಂತೆಂಬ ಧೈರ್ಯ ಮೂಡುತ್ತದೆ. ಆ ಧೈರ್ಯ ಎಷ್ಟು ದಿನದ್ದು?

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಮತ್ತೆ ನೋಡದೆ ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ವಾರ ಕಳೆದಾಗ ಲೆಕ್ಕ ತಿರುಗಿತ್ತು. ನೆನೆದು ಬರೆದದ್ದರಲ್ಲಿ ಸುಮಾರು ಶೇ. 56, ಬರೀ ಓದಿದ್ದರಲ್ಲಿ ಶೇ. 42ರಷ್ಟು ಉಳಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಆದರೆ ಆ ಅಭ್ಯಾಸ ವಿಜ್ಞಾನ, ಸಮಾಜದ ಪಾಠಗಳವರೆಗೆ ಅಷ್ಟಾಗಿ ಬರಲಿಲ್ಲ ಎಂಬುದು ನನ್ನ ಕೊರಗು.

ತಾಯಂದಿರೇ, ತಂದೆಯರೇ, ಇದಕ್ಕೆ ನೀವು ಹೆಚ್ಚು ಓದಿರಬೇಕಿಲ್ಲ. ರೊಟ್ಟಿ ತಟ್ಟುತ್ತಲೇ ಕೇಳಿ, "ಇವತ್ತಿನ ಪಾಠದಲ್ಲಿ ಏನಿತ್ತು, ಹೇಳು." ಮಗು ತಡವರಿಸಿದರೆ ಗದರಬೇಡಿ, ನೆನಪಿಗಾಗಿ ತಡಕಾಡುವ ಆ ಕಷ್ಟವೇ ಪಾಠವನ್ನು ಗಟ್ಟಿ ಮಾಡುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಅದೇ ಹುಡುಕಿಕೊಳ್ಳಲಿ. ಎರಡು ದಿನ ಬಿಟ್ಟು ಮತ್ತೆ ಕೇಳಿ, ವಾರದ ನಂತರ ಇನ್ನೊಮ್ಮೆ. ಅಂಕ ಕೊಡಬೇಡಿ. ಪಕ್ಕದ ಮನೆಯ ಮಗುವಿನ ಹೆಸರನ್ನಂತೂ ಎತ್ತಲೇಬೇಡಿ.